ಮುಂಬೈನಲ್ಲಿ ಅಂಧೇರಿ ಬೇಡ, ಫೋರ್ಟ್ ಅಥವಾ ದಾದರ್ ನೋಡಿ

ಅಪ್ಪ ಅಮ್ಮನ ಜೊತೆ ಮುಂಬೈ ನೋಡಲು ಹೊರಟಿರುವ ನೀವು, ಬಾಡಿಗೆ ಕಡಿಮೆ ಅಂತ ಉತ್ತರದ ಉಪನಗರ ಅಂಧೇರಿಯಲ್ಲಿ ರೂಮ್ ಹುಡುಕುತ್ತಿರುವ ಹಾಗಿದೆ. ಆದರೆ ನಿಮ್ಮ ಪಟ್ಟಿಯಲ್ಲಿರುವ ಗೇಟ್‌ವೇ ಆಫ್ ಇಂಡಿಯಾ, ಸಿಎಸ್‌ಎಂಟಿ (ಹಳೆಯ ವಿ.ಟಿ. ರೈಲು ನಿಲ್ದಾಣ), ಎಲಿಫೆಂಟಾ ಗುಹೆಗಳಿಗೆ ಹೋಗುವ ದೋಣಿ ಎಲ್ಲವೂ ನಗರದ ದಕ್ಷಿಣ ತುದಿಯಲ್ಲಿವೆ. ಬೆಳಗ್ಗೆ ಆಫೀಸಿಗೆ ಹೋಗುವವರ ನೂಕುನುಗ್ಗಲಿನಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಲೋಕಲ್ ಟ್ರೈನ್ ಹತ್ತಿಸುವುದು ನಿಜಕ್ಕೂ ಕಷ್ಟ.

ಮೊದಲು ಆ ಜಾಗಗಳಿಗೆ ಹತ್ತಿರದ ಫೋರ್ಟ್, ಚರ್ಚ್‌ಗೇಟ್ ಸುತ್ತ ನೋಡಿ. ಬಾಡಿಗೆ ಜಾಸ್ತಿ ಅನಿಸಿದರೆ ದಾದರ್ ಅಥವಾ ಮಾಟುಂಗ. ದಾದರಿನಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಲೋಕಲ್ ಟ್ರೈನ್ ಲೈನ್ ಸಿಗುತ್ತವೆ. ಮಾಟುಂಗದಲ್ಲಿ ನಮ್ಮ ಕಡೆಯ ಇಡ್ಲಿ, ಊಟ ಸಿಗುತ್ತದೆ. ಹಿರಿಯರಿಗೆ ಅದು ದೊಡ್ಡ ನೆಮ್ಮದಿ ಅಲ್ವಾ.

ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಲಿಫ್ಟ್ ಇದೆಯಾ ಕೇಳಿ. ಹಳೇ ಕಟ್ಟಡಗಳಲ್ಲಿ ಇಲ್ಲದೆಯೂ ಇರಬಹುದು. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ, ಮೆಟ್ಟಿಲೂ ಜಾಸ್ತಿ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.