ಅಗ್ಗದ ಸ್ಟ್ರೈಕರ್ ಪಿಸ್ತೂಲು ತಗೊಳ್ಳಬಹುದಾ?

ಯೂಟ್ಯೂಬಿನಲ್ಲಿ ನೋಡಿದ ಟಾರಸ್ ಜಿ3ಸಿ ಥರದ ಅಗ್ಗದ ಸ್ಟ್ರೈಕರ್ ಪಿಸ್ತೂಲು ಕೊಡಗಿನ ಮನೆಗೆ ಆಗುತ್ತದಾ ಎಂದು ಕೇಳಿದ್ದೀರಿ.

ಮೊದಲು ಬೋರ್, ಅಂದರೆ ನಳಿಗೆಯ ಒಳ ಅಳತೆ ನೋಡಿ. ಅದು 9 ಎಂ.ಎಂ., ನಮ್ಮ ದೇಶದಲ್ಲಿ ಸಾಮಾನ್ಯರಿಗೆ ನಿಷೇಧಿತ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರ ತನಕ ಲೈಸೆನ್ಸ್ ವಿನಾಯಿತಿ ಇದೆ ನಿಜ. ಅದನ್ನೇ ನಂಬಿ 9 ಎಂ.ಎಂ.ಗೆ ಕೈ ಹಾಕಬೇಡಿ.

ನಿಷೇಧವಿಲ್ಲದ .32 ಬೋರಿನಲ್ಲಿ ಸ್ಟ್ರೈಕರ್ ಪಿಸ್ತೂಲು ಸಿಕ್ಕರೆ? ಇದರಲ್ಲಿ ಹಿಂದಿನಿಂದ ಬಡಿಯುವ ಹ್ಯಾಮರ್ (ಸುತ್ತಿಗೆ) ಇರುವುದಿಲ್ಲ. ಹಿಂದೆ ಮುಂದೆ ಜಾರುವ ಮೇಲ್ಭಾಗದ, ಅಂದರೆ ಸ್ಲೈಡಿನೊಳಗಿನ ಸ್ಪ್ರಿಂಗೇ ಸ್ಟ್ರೈಕರ್ ಎಂಬ ಮೊಳೆಯನ್ನು ಮುಂದೆ ತಳ್ಳಿ ತೋಟೆಯ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ಗೆ ಹೊಡೆಸಬೇಕು. ಅಗ್ಗದ ಮಾಲು ಕೈಕೊಡುವ ಜಾಗಗಳಲ್ಲಿ ಇದೂ ಒಂದು. ರೇಂಜಿನಲ್ಲಿ ಐವತ್ತು ಗುಂಡು ಹಾರಿಸಿ, ಖಾಲಿ ತೋಟೆಗಳನ್ನು ಹೆಕ್ಕಿ ಸಾಲಾಗಿ ಇಡಿ. ಪ್ರೈಮರ್ ಮೇಲಿನ ಗುಳಿ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಆಳ ಇರಬೇಕು. ಕೆಲವು ಸುಮ್ನೆ ಸೂಜಿ ತಾಗಿದ ಹಾಗಿದ್ದರೆ, ಒಂದೆರಡು ಹಾರದೇ ಉಳಿದರೆ, ಬೇಡ ಅನ್ನಿ. ಹಿಡಿಯ ಅಂದಚಂದ ಆಮೇಲೆ. ಮ್ಯಾಗಜಿನ್, ಸ್ಪ್ರಿಂಗ್ ಬಿಡಿಯಾಗಿ ಸಿಗುತ್ತದಾ ಅಂತಲೂ ವಿಚಾರಿಸಿ.

ಅಂದಹಾಗೆ, ತೋಟಕ್ಕೆ ಬರುವ ಆನೆ ಮನಸ್ಸಿನಲ್ಲಿದ್ದರೆ ಬಿಟ್ಟುಬಿಡಿ. ಅದಕ್ಕೆ ಗುಂಡು ಹೊಡೆಯುವ ಹಾಗೂ ಇಲ್ಲ, ಪಿಸ್ತೂಲಿಗೆ ಅದು ಬಗ್ಗುವುದೂ ಇಲ್ಲ. ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಪೂಜೆಯ ದಿನ ತೆಂಗಿನಕಾಯಿಗೆ ಗುರಿ ಇಡುವುದಕ್ಕಾದರೆ ಮನೆಯ ಹಳೇ ಕೋವಿಯೇ ಸಾಕಲ್ವಾ?