ಕೊರಿಯಾದವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ?

ಪ್ರಶ್ನೆ: ಕೊರಿಯನ್ ಧಾರಾವಾಹಿ ನೋಡುತ್ತಾ ಒಂದಿಷ್ಟು ಭಾಷೆ ಕಲಿಯುತ್ತಿದ್ದೇನೆ. ಪಾತ್ರಗಳ ಬಾಯಲ್ಲಿ ‘ಕೊರಿಯಾ’ ಅನ್ನುವ ಮಾತೇ ಅಷ್ಟಾಗಿ ಕೇಳಿಸುವುದಿಲ್ಲ. ಅವರು ತಮ್ಮನ್ನು ಏನೆಂದು ಹೇಳಿಕೊಳ್ಳುತ್ತಾರೆ? ಉತ್ತರ ಕೊರಿಯಾದಲ್ಲೂ ಅದೇ ಹೆಸರೇ?

ಉತ್ತರ: ನೀವು ನೋಡುವ ಧಾರಾವಾಹಿಗಳು ದಕ್ಷಿಣದವು. ಅಲ್ಲಿ ದೇಶ ‘ಹನ್‌ಗುಕ್’, ಅಲ್ಲಿನವರು ‘ಹನ್‌ಗುಕ್ ಸಾರಾಮ್’. ಸಾರಾಮ್ ಅಂದರೆ ಮನುಷ್ಯ. ಪತ್ರಿಕೆ, ಕಚೇರಿ ಬರಹಗಳಲ್ಲಿ ‘ಹನ್‌ಗುಗಿನ್’ ಹೆಚ್ಚು. ಉತ್ತರದವರಿಗೆ ತಮ್ಮ ದೇಶ ‘ಚೊಸೊನ್’, ತಾವು ‘ಚೊಸೊನ್ ಸಾರಾಮ್’. ಭಾಷೆಯ ಹೆಸರೂ ಹೀಗೇ ಕವಲೊಡೆದಿದೆ: ದಕ್ಷಿಣದಲ್ಲಿ ಹನ್‌ಗುಗೊ, ಉತ್ತರದಲ್ಲಿ ಚೊಸೊನೊ.

ಚೊಸೊನ್ 1392ರಿಂದ ಇದ್ದ ರಾಜ್ಯದ ಹೆಸರು. 1897ರಲ್ಲಿ ದೊರೆ ಗೊಜೊಂಗ್ ಅದನ್ನು ಸಾಮ್ರಾಜ್ಯವೆಂದು ಸಾರಿ, ಪುರಾತನ ‘ಮೂರು ಹಾನ್’ ನಾಡುಗಳ ನೆನಪಿನಲ್ಲಿ ‘ದೇಹನ್’ ಎಂದು ಹೆಸರಿಟ್ಟ. 1910ರಲ್ಲಿ ದೇಶವನ್ನು ನುಂಗಿದ ಜಪಾನ್ ಆ ಹೆಸರನ್ನು ಅಳಿಸಿ ಚೊಸೊನ್ ಅನ್ನೇ ಮತ್ತೆ ತಂದಿತು. 1919ರಲ್ಲಿ ಶಾಂಘೈಯಲ್ಲಿ ಹುಟ್ಟಿದ ತಾತ್ಕಾಲಿಕ ಸರ್ಕಾರ ‘ದೇಹನ್ ಮಿನ್‌ಗುಕ್’ (ದೇಹನ್ ಗಣರಾಜ್ಯ) ಅಂದುಕೊಂಡಿತು; ಇದರ ಮೊಟಕು ರೂಪವೇ ‘ಹನ್‌ಗುಕ್’. 1948ರಲ್ಲಿ ದಕ್ಷಿಣ ‘ದೇಹನ್ ಮಿನ್‌ಗುಕ್’ ಅನ್ನು ಎತ್ತಿಕೊಂಡರೆ, ಉತ್ತರ ಚೊಸೊನ್ ಅನ್ನು ಉಳಿಸಿಕೊಂಡಿತು. ಹೊರಗಿನವರ ‘ಕೊರಿಯಾ’ ಇವೆರಡಕ್ಕೂ ಹಿಂದಿನ ಗೊರ್ಯೊ ರಾಜ್ಯದಿಂದ (918–1392) ಬಂದದ್ದು. 1937ರಲ್ಲಿ ಸ್ಟಾಲಿನ್ ಮಧ್ಯ ಏಷ್ಯಾಕ್ಕೆ ಸಾಗಹಾಕಿದ ಕೊರಿಯನ್ನರ ವಂಶಸ್ಥರು ಇಂದಿಗೂ ‘ಕೊರ್ಯೊ ಸಾರಾಮ್’.

ಇಲ್ಲಿನ ‘ಹಾನ್’ ಬೇರೆ, ಚೀನಾದ ಹಾನ್ ಜನರ ‘ಹಾನ್’ ಬೇರೆ. ಕೊರಿಯನ್‌ನಲ್ಲಿ ಉಚ್ಚಾರ ಒಂದೇ ಆದರೂ ಚೀನೀ ಅಕ್ಷರಗಳು ಬೇರೆ ಬೇರೆ. ಎರಡನ್ನೂ ಒಂದು ಮಾಡುವುದು ಸಾಮಾನ್ಯ ತಪ್ಪು.

ಕನ್ನಡದವರು ಎಡವುವುದು ಉಚ್ಚಾರದಲ್ಲಿ. ‘ಹಂಗುಕ್’ ಎಂದು ಬರೆದುಕೊಂಡರೆ ನಮ್ಮ ಸೊನ್ನೆ ಗಕಾರದ ಮುಂದೆ ಙಕಾರವಾಗುತ್ತದೆ. ಶಿಷ್ಟ ಕೊರಿಯನ್‌ನಲ್ಲಿ ಅಲ್ಲಿರುವುದು ಅಪ್ಪಟ ನಕಾರ: ನಾಲಿಗೆ ತುದಿ ಹಲ್ಲಿನ ಹಿಂದೆ ತಾಗಬೇಕು. ಕೊನೆಗೆ ಉಕಾರ ಸೇರಿಸಿ ‘ಗುಕು’ ಅನ್ನಬೇಡಿ. ಕಕಾರವನ್ನು ಗಂಟಲಲ್ಲೇ ತಡೆದು ನಿಲ್ಲಿಸಿ. ಮುಂದೆ ‘ಸಾರಾಮ್’ ಬಂದಾಗ ಸಕಾರ ಬಿಗಿಯಾಗಿ ‘ಹನ್‌ಗುಕ್ ಸ್ಸಾರಾಮ್’ ಎಂದು ಕೇಳಿಸುತ್ತದೆ.

ನಿಮ್ಮ ಕಿವಿಗೆ ಇನ್ನೊಂದು ಮಾತೂ ಬಿದ್ದಿರಬೇಕು: ‘ಉರಿ ನಾರಾ’, ನಮ್ಮ ದೇಶ. ನಾವು ‘ನಮ್ಮ ಯಜಮಾನರು’ ಅನ್ನುವಂತೆಯೇ ಅವರೂ ಗಂಡನನ್ನು ‘ಉರಿ’ ಸೇರಿಸಿ ಹೇಳುತ್ತಾರೆ. ವಿನಯ ತೋರಿಸಲು ‘ಉರಿ’ ಬದಲು ‘ಚೊಹಿ’ ಬಳಸುವುದುಂಟು. ಆದರೆ ಕೊರಿಯನ್ನರು ತಮ್ಮವರ ಎದುರು ‘ಚೊಹಿ ನಾರಾ’ ಅಂದರೆ ತಪ್ಪು: ಕೇಳುವವರದ್ದೂ ಆದ ದೇಶವನ್ನು ತಗ್ಗಿಸಿ ಹೇಳಿದಂತಾಗುತ್ತದೆ. ನೀವು ಭಾರತದ ಬಗ್ಗೆ ಹೇಳುವಾಗ ‘ಉರಿ ನಾರಾ’ ಬಿಟ್ಟು ‘ಇಂದೊ’ ಎಂದೇ ಹೇಳಿ. ಇಲ್ಲದಿದ್ದರೆ ಕೊರಿಯಾದ ಬಗ್ಗೆ ಮಾತಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ.