ಕೆರೆ, ಖಾಸಗಿ ಪಾರ್ಕು ಇರುವ ಬಡಾವಣೆಯಲ್ಲಿ ಮನೆ ತೆಗೆದುಕೊಳ್ಳುವ ಮುನ್ನ ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ಇದು: ಯೋಜನೆ ಹಾಕಿ ಕಟ್ಟಿದ ಬಡಾವಣೆ, ಸುಮಾರು 150 ಮನೆ, ನಡುವೆ 2 ಹೆಕ್ಟೇರಿನ ಕಟ್ಟಿದ ಕೆರೆ, ನಿವಾಸಿಗಳಿಗೆ ಮಾತ್ರ ಮೀಸಲಾದ ಪಾರ್ಕುಗಳು. ಅಲ್ಲಿ ಬಾಳುವೆ ಹೇಗಿರುತ್ತದೆ, ಕೊಳ್ಳುವ ಮುನ್ನ ಏನು ವಿಚಾರಿಸಬೇಕು? ಇಂಥ ಕೆರೆ ಮತ್ತು ಪಾರ್ಕುಗಳ ನಿರ್ವಹಣೆಯೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಾಳಲು ಚೆನ್ನಾದ ಜಾಗ. ಮಕ್ಕಳು ದೊಡ್ಡ ರಸ್ತೆ ದಾಟದೆ ಆಟಕ್ಕೆ ಹೋಗಬಹುದು, ವಯಸ್ಸಾದವರಿಗೆ ಓಡಾಡಲು ದಾರಿ ಇರುತ್ತದೆ, ನೆರೆಹೊರೆಯ ಪರಿಚಯ ತಾನಾಗಿಯೇ ಬೆಳೆಯುತ್ತದೆ. ಆದರೆ ಮನೆಯ ಜೊತೆಗೆ ಏರಿ, ತೂಬು, ಕೋಡಿ, ಹೂಳು, ಜಾರುಬಂಡೆ ಎಲ್ಲದರಲ್ಲೂ 150ರಲ್ಲಿ ಒಂದು ಪಾಲನ್ನು ನೀವು ಕೊಳ್ಳುತ್ತಿದ್ದೀರಿ. ಆ ಪಾಲಿನ ಲೆಕ್ಕ ಸರಿಯಿದೆಯೇ ಎಂದು ಮೊದಲು ನೋಡಿ, ಕಿಟಕಿಯಿಂದ ಕಾಣುವ ನೀರನ್ನು ಆಮೇಲೆ ನೋಡಿದರಾಯಿತು.

ನೀರಿನಡಿಯ ನೆಲ ಯಾರ ಹೆಸರಿನಲ್ಲಿದೆ ಎಂಬುದು ಮೊದಲ ಪ್ರಶ್ನೆ. ನಿವಾಸಿಗಳ ಸಂಘದ್ದಾಗಿರಬಹುದು, ಬಡಾವಣೆ ಕಟ್ಟಿದವರ ಬಳಿಯೇ ಉಳಿದಿರಬಹುದು, ದಂಡೆಯ ನಿವೇಶನಗಳ ಗಡಿ ನೀರಿನೊಳಗೂ ಚಾಚಿರಬಹುದು. ಅಮೆರಿಕದ ವರ್ಜೀನಿಯಾದಲ್ಲಿ 1960ರ ದಶಕದಲ್ಲಿ ರಾಬರ್ಟ್ ಸೈಮನ್ ಕಟ್ಟಿಸಿದ ರೆಸ್ಟನ್‌ನಲ್ಲಿ ಕೆರೆಗಳು ಸಂಘದ ಆಸ್ತಿ. ಇರುವ ಬಗೆಗಳಲ್ಲಿ ಇದೇ ನೆಮ್ಮದಿಯದು, ಏಕೆಂದರೆ ಏರಿ ಸೋರಿದರೆ ಯಾರ ಬಾಗಿಲು ತಟ್ಟಬೇಕು ಎಂಬುದು ಸ್ಪಷ್ಟವಾಗಿರುತ್ತದೆ. ಪಾರ್ಕಿಗೆ ಹೋಗುವ ಹಕ್ಕು ಕ್ರಯಪತ್ರದ ಜೊತೆಗೇ ಬರುತ್ತದೆಯೋ, ಬೇರೆಯಾಗಿ ಸದಸ್ಯತ್ವ ಪಡೆಯಬೇಕೋ ಎಂಬುದನ್ನೂ ಕೇಳಿ. ಬೇರೆ ಸದಸ್ಯತ್ವವಾದರೆ, ಮುಂದೆ ನೀವು ಮನೆ ಮಾರಿದಾಗಲೋ ಬಾಡಿಗೆಗೆ ಕೊಟ್ಟಾಗಲೋ ಆ ಹಕ್ಕು ಮನೆಯ ಜೊತೆ ಹೋಗದಿರಬಹುದು.

ಸಂಘದಿಂದ ಬೈಲಾ, ನೋಂದಾಯಿತ ನಕ್ಷೆ, ಹಿಂದಿನ ಮೂರು ವರ್ಷದ ಲೆಕ್ಕಪತ್ರ, ಎರಡು ವರ್ಷದ ಸಭಾ ನಡಾವಳಿ ಕೇಳಿ ಪಡೆಯಿರಿ. ನಡಾವಳಿಯಲ್ಲಿ ಹೂಳು, ಸೋರಿಕೆ, ಪಾಚಿ, ಮೊಕದ್ದಮೆ ಎಂಬ ಮಾತುಗಳನ್ನು ಹುಡುಕಿ. ಒಂದೇ ದೂರು ಐದಾರು ಸಭೆಗಳಲ್ಲಿ ಮತ್ತೆ ಮತ್ತೆ ಬಂದು ತೀರ್ಮಾನವಾಗದೆ ಉಳಿದಿದ್ದರೆ, ಸಂಘದಲ್ಲಿ ದುಡ್ಡಿಲ್ಲ ಅಥವಾ ಒಮ್ಮತವಿಲ್ಲ ಎಂದರ್ಥ.

ದುಡ್ಡಿನ ವಿಷಯದಲ್ಲಿ ತಿಂಗಳ ನಿರ್ವಹಣಾ ಶುಲ್ಕ ಕಡಿಮೆಯಿದೆ ಎಂದು ಖುಷಿಪಡಬೇಡಿ. ಕಟ್ಟಿದ ಕೆರೆಗಳು ಬಹುಪಾಲು ಮಳೆನೀರು ಹಿಡಿದು ನಿಲ್ಲಿಸಲೆಂದೇ ಇರುವಂಥವು. ಛಾವಣಿ, ರಸ್ತೆ, ಹುಲ್ಲುಹಾಸಿನಿಂದ ಹರಿದು ಬರುವ ಮಣ್ಣೆಲ್ಲ ಅಲ್ಲೇ ತಂಗುತ್ತದೆ. 2 ಹೆಕ್ಟೇರಿನ ಕೆರೆಯಲ್ಲಿ 30 ಸೆಂ.ಮೀ. ಹೂಳು ಎಂದರೆ 6,000 ಘನ ಮೀಟರ್. 10 ಘನ ಮೀಟರ್ ಹಿಡಿಯುವ ಲಾರಿಯಲ್ಲಿ 600 ಲೋಡು. ಅಷ್ಟು ಹೂಳು ಕೂಡಲು 20 ವರ್ಷ ಹಿಡಿಯುತ್ತದೆ ಎಂದಿಟ್ಟುಕೊಂಡರೆ, 150 ಮನೆಗಳಲ್ಲಿ ಒಂದೊಂದರ ಪಾಲಿಗೆ ವರ್ಷಕ್ಕೆ 2 ಘನ ಮೀಟರ್. ನಿಮ್ಮ ಕಡೆ ಹೂಳೆತ್ತಿ ಸಾಗಿಸುವ ದರವನ್ನು ಇದಕ್ಕೆ ಗುಣಿಸಿ, ಮೀಸಲು ನಿಧಿಗೆ ಪ್ರತಿ ಮನೆಯಿಂದ ವರ್ಷಕ್ಕೆ ಅಷ್ಟಾದರೂ ಹೋಗುತ್ತಿದೆಯೇ ನೋಡಿ. ಹೋಗುತ್ತಿಲ್ಲವಾದರೆ ಆ ಖರ್ಚು ಒಂದು ದಿನ ವಿಶೇಷ ವಂತಿಗೆಯಾಗಿ ಒಟ್ಟಿಗೇ ಬಂದು ಬೀಳುತ್ತದೆ. ಹಸಿ ಹೂಳನ್ನು ಲಾರಿಗೆ ತುಂಬಲಾಗದು, ಮೊದಲು ಹರಡಿ ಒಣಗಿಸಬೇಕು. ಅದಕ್ಕೆ ಜಾಗ ಎಲ್ಲಿ ಎಂದು ಕೇಳಿ. ಎಷ್ಟೋ ಕಡೆ ಆ ಜಾಗ ನಿಮ್ಮ ಪಾರ್ಕೇ ಆಗಿರುತ್ತದೆ, ಕೆಲಸ ಮುಗಿದು ನೆಲ ಸರಿಹೋಗುವವರೆಗೆ ಅಲ್ಲಿ ಆಟ ಇಲ್ಲ.

ಒಳಹರಿವಿನ ಬಾಯಲ್ಲಿ ಹೂಳು ತಡೆಯುವ ಚಿಕ್ಕ ಹೊಂಡವಿದ್ದರೆ ಈ ಖರ್ಚು ಬಹಳ ಇಳಿಯುತ್ತದೆ. ಅದು ಅರ್ಧ ತುಂಬಿದಾಗಲೇ ಖಾಲಿ ಮಾಡಬೇಕು. ಪೂರ್ತಿ ತುಂಬಿದ ಮೇಲೆ ಜೋರು ಮಳೆ ಬಂದರೆ ತಂಗಿದ್ದ ಹೂಳೂ ಎದ್ದು ಕೆರೆ ಸೇರುತ್ತದೆ.

ಇನ್ನು ಏರಿ. ಇದರ ಬಗ್ಗೆ ಉದಾಸೀನ ಸಲ್ಲದು, ಏಕೆಂದರೆ ಕೆಟ್ಟರೆ ಜೀವಕ್ಕೇ ಅಪಾಯ. ಏರಿಯ ಮೇಲೆ ನೆರಳಿನ ಮರಗಳು ನೋಡಲು ಚಂದ, ಆದರೆ ಅಲ್ಲಿ ಮರ ಇರಕೂಡದು. ಗಾಳಿಗೆ ಮರ ಉರುಳಿದರೆ ಬೇರಿನ ಜೊತೆ ಏರಿಯ ಒಂದು ತುಂಡೇ ಕಿತ್ತು ಬರುತ್ತದೆ. ಮರ ಸತ್ತರೆ ಕೊಳೆತ ಬೇರಿನ ಜಾಡಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಹೆಗ್ಗಣದ ಬಿಲವೂ ಇಂಥದೇ ದಾರಿ. ಏರಿಯ ಮೇಲೆ ಒತ್ತಾಗಿ ಬೆಳೆದು ಆಗಾಗ ಕತ್ತರಿಸಿದ ಹುಲ್ಲು ಮಾತ್ರ ಇರಬೇಕು. ಏರಿಯ ಬುಡದಲ್ಲಿ ತಿಳಿನೀರು ಜಿನುಗುತ್ತಿದ್ದರೆ ಗುರುತು ಹಾಕಿ ಅಳೆಯುತ್ತಾ ಬರಬಹುದು. ಅದೇ ನೀರು ರಾಡಿಯಾದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಆಗ ಅಂದೇ ಎಂಜಿನಿಯರನ್ನು ಕರೆಸಿ, ಕೆಳಗಿನ ಮನೆಗಳವರಿಗೂ ತಿಳಿಸಬೇಕು. ತೂಬಿನ ಕಸತಡೆ ಜಾಲರಿಗೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡರೆ ನೀರು ಏರುತ್ತಾ ಹೋಗುತ್ತದೆ. ಪ್ರತಿ ದೊಡ್ಡ ಮಳೆಯ ಮುಂಚೆಯೂ ಆಮೇಲೂ ಅದನ್ನು ಬಿಡಿಸುವ ಹೊಣೆ ಯಾರದೆಂದು ಹೆಸರು ಹಿಡಿದು ಕೇಳಿ. "ಎಲ್ಲರೂ ನೋಡ್ಕೋತೀವಿ" ಎಂಬ ಉತ್ತರ ಬಂದರೆ ಯಾರೂ ನೋಡುತ್ತಿಲ್ಲ.

ಮನೆಯ ನೆಲದ ಎತ್ತರವನ್ನು ಇಂದಿನ ನೀರಿನ ಮಟ್ಟಕ್ಕೆ ಹೋಲಿಸಿ ಪ್ರಯೋಜನವಿಲ್ಲ. ತೂಬು ಕಟ್ಟಿಕೊಂಡು ಕೋಡಿ ಬಿದ್ದಾಗ ನೀರು ಎಲ್ಲಿಯವರೆಗೆ ಬರುತ್ತದೋ ಆ ಮಟ್ಟಕ್ಕೆ ಹೋಲಿಸಬೇಕು. ನೆಲಮಾಳಿಗೆ ಇದ್ದರೆ ಇದು ಇನ್ನೂ ಮುಖ್ಯ. ಮನೆಯ ವಿಮೆಯಲ್ಲಿ ನೆರೆಹಾನಿ ಸೇರಿದೆಯೇ ಎಂದು ಓದಿ ನೋಡಿ. ಸಾಮಾನ್ಯ ಪಾಲಿಸಿಯಲ್ಲಿ ಅದನ್ನು ಹೊರಗಿಟ್ಟಿರುವುದು ಹಲವು ದೇಶಗಳಲ್ಲಿ ರೂಢಿ.

ನೀರು ಹಸಿರಾಗುವುದು ಈ ಬಡಾವಣೆಗಳ ದೊಡ್ಡ ಗೋಳು. ಮೂಲ ಬಹುತೇಕ ರಂಜಕ, ಅಂದರೆ ಗೊಬ್ಬರದಲ್ಲಿರುವ ಫಾಸ್ಫರಸ್. ಒಂದು ಕೆ.ಜಿ. ರಂಜಕ ಹಲವು ನೂರು ಕೆ.ಜಿ. ಹಸಿ ಪಾಚಿಯನ್ನು ಬೆಳೆಸಬಲ್ಲದು. ಗೊಬ್ಬರದ ಚೀಲದ ಮೇಲಿನ ಮೂರು ಅಂಕಿಗಳಲ್ಲಿ ನಡುವಿನದು ರಂಜಕದ್ದು. ಬೇರೂರಿದ ಹುಲ್ಲುಹಾಸಿಗೆ, ಮಣ್ಣು ಪರೀಕ್ಷೆ ಬೇಕೆಂದು ಹೇಳದ ಹೊರತು, ಆ ಅಂಕಿ ಸೊನ್ನೆಯಿರುವ ಗೊಬ್ಬರವೇ ಸಾಕು. ಕತ್ತರಿಸಿದ ಹುಲ್ಲು, ಒಣಗೆಲೆ, ನಾಯಿಯ ಹೇಲು ಚರಂಡಿಗೆ ಬಿದ್ದರೂ ರಂಜಕ ಕೆರೆಗೇ ಹೋಗುತ್ತದೆ. ಕಾರು ತೊಳೆಯುವುದಿದ್ದರೆ ರಸ್ತೆಯಲ್ಲಿ ಬೇಡ, ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯಲಿ. ದಂಡೆಯುದ್ದಕ್ಕೂ 3ರಿಂದ 6 ಮೀಟರ್ ಅಗಲಕ್ಕೆ ಆ ಮಣ್ಣಿನದೇ ಎತ್ತರದ ಹುಲ್ಲು, ಜೊಂಡು ಬಿಟ್ಟರೆ ಹರಿದು ಬರುವ ಮಣ್ಣೂ ಗೊಬ್ಬರವೂ ಅಲ್ಲೇ ಸೋಸಿಹೋಗುತ್ತವೆ, ದಂಡೆ ಕುಸಿಯುವುದಿಲ್ಲ. ಇದನ್ನು ನೋಡಿ "ಪೊದೆ ಬೆಳೆದಿದೆ, ಬೋಳಿಸಿ" ಎನ್ನುವ ನಿವಾಸಿಗಳು ಎಲ್ಲ ಕಡೆ ಇರುತ್ತಾರೆ. ಅವರ ಮಾತು ನಡೆಯುವ ಬಡಾವಣೆಯಲ್ಲಿ ಎರಡು ಮೂರು ಬೇಸಿಗೆಯೊಳಗೆ ಪಾಚಿ ಕಾಣುವ ಸಂಭವ ಹೆಚ್ಚು.

ಪಾಚಿ ಬಂದಾಗ ಇಡೀ ಕೆರೆಗೆ ಒಂದೇ ಸಲ ಔಷಧಿ ಹೊಡೆಸಿದರೆ ಮೀನು ಸಾಯುತ್ತವೆ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುವುದೇ ಕಾರಣ. ಮೂರನೇ ಒಂದು ಭಾಗಕ್ಕೆ ಹೊಡೆದು, 10ರಿಂದ 14 ದಿನ ಬಿಟ್ಟು ಮುಂದಿನ ಭಾಗಕ್ಕೆ ಹೋಗಬೇಕು. ಮೀನಿಗೆ ಲೀಟರಿಗೆ 5 ಮಿ.ಗ್ರಾಂ. ಆಮ್ಲಜನಕ ಇದ್ದರೆ ಒಳ್ಳೆಯದು, 3ಕ್ಕಿಂತ ಇಳಿದರೆ ಸಂಕಟ. ದಿನದಲ್ಲಿ ಅದು ತೀರಾ ಕೆಳಗಿರುವುದು ಸೂರ್ಯ ಹುಟ್ಟುವ ಮುಂಚೆ, ಆದ್ದರಿಂದ ಮಧ್ಯಾಹ್ನ ಅಳೆದ ಅಂಕಿಯನ್ನು ನಂಬಬೇಡಿ.

ಕಾರಂಜಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದೂ ತಪ್ಪು. ತೇಲುವ ಕಾರಂಜಿ ಮೇಲಿನ ನೀರನ್ನಷ್ಟೇ ಎತ್ತಿ ಚಿಮ್ಮಿಸುತ್ತದೆ. ಆಳವಿರುವ ಕೆರೆಗೆ ದಂಡೆಯ ಕಂಪ್ರೆಸರ್‌ನಿಂದ ತಳಕ್ಕೆ ಗಾಳಿ ಕಳಿಸುವ ಡಿಫ್ಯೂಸರ್ ಬೇಕು. ಅದನ್ನು ನಡುಬೇಸಿಗೆಯಲ್ಲಿ ಮೊದಲ ಸಲ ಹಚ್ಚುವಾಗ ಮಾತ್ರ ಎಚ್ಚರ: ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು, ಆಮೇಲೆ ಎರಡು, ಹೀಗೆ ದಿನಕ್ಕೆ ಇಮ್ಮಡಿ ಮಾಡುತ್ತಾ ಒಂದು ವಾರದಲ್ಲಿ ಪೂರ್ತಿ ಹೊತ್ತಿಗೆ ತರಬೇಕು. ಆತುರಪಟ್ಟು ಇಡೀ ದಿನ ಓಡಿಸಿದರೆ ತಳದ ಆಮ್ಲಜನಕವಿಲ್ಲದ ನೀರು ಮೇಲಿನದರೊಂದಿಗೆ ಬೆರೆತು ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತವೆ.

ಹಸಿರು ಬಣ್ಣ ಚೆಲ್ಲಿದಂತೆ ನೀರಿನ ಮೇಲೆ ಪದರ ಕಂಡರೆ, ವಿಷ ಬಿಡಬಲ್ಲ ನೀಲಿ-ಹಸಿರು ಪಾಚಿಯ ಶಂಕೆ ಇಟ್ಟುಕೊಳ್ಳಿ. ಕೈಗವಸು ಹಾಕಿ ಮೇಲಿನ ಕೆನೆ ಬಿಟ್ಟು ಅದರಡಿಯ ನೀರನ್ನು ಗಾಜಿನ ಬಾಟಲಿಯಲ್ಲಿ ಮುಕ್ಕಾಲು ತುಂಬಿ, ಅಲ್ಲಾಡಿಸದೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಹಸಿರು ಮೇಲೆ ಬಂದು ನಿಂತರೆ ಅದೇ ಪಾಚಿ ಇರುವ ಸಂಭವ ಹೆಚ್ಚು, ತಳಕ್ಕೆ ಇಳಿದರೆ ಕಡಿಮೆ. ವಿಷ ಇದೆಯೋ ಇಲ್ಲವೋ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಅಲ್ಲಿಯತನಕ ಮಕ್ಕಳನ್ನೂ ನಾಯಿಗಳನ್ನೂ ನೀರಿಗೆ ಬಿಡಬೇಡಿ. ಮೈಗಂಟಿದ ಪಾಚಿಯನ್ನು ನೆಕ್ಕಿದ ನಾಯಿ ಗಂಟೆಗಳಲ್ಲೇ ಸಾಯಬಹುದು. ಈಜಲು ಬಿಡುವ ಕೆರೆಯಾದರೆ ಇ. ಕೋಲಿ, ಅಂದರೆ ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾದ ಪರೀಕ್ಷೆಯ ವರದಿ ಕೇಳಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2012ರ ಮಾನದಂಡದಲ್ಲಿ 100 ಮಿ.ಲೀ. ನೀರಿಗೆ 126 ಇ. ಕೋಲಿ ಎಂಬುದು ಸರಾಸರಿಯ ಮಿತಿ. ಜೋರು ಮಳೆಯಾದ ಮೇಲೆ ಎರಡು ದಿನ ಯಾವ ಕೆರೆಯಲ್ಲೂ ಈಜಬಾರದು. ದೋಣಿಕಟ್ಟೆಗೆ ವಿದ್ಯುತ್ ಸಂಪರ್ಕ ಇದ್ದರೆ ಅದರ ಬಳಿ ಎಂದಿಗೂ ಈಜಬಾರದು, ಸೋರಿದ ಕರೆಂಟು ನೀರಿನಲ್ಲಿ ಕಾಣುವುದಿಲ್ಲ.

ಸೊಳ್ಳೆಯ ಭಯ ಇರುವಷ್ಟು ನಿಜವಲ್ಲ. ಮೀನಿರುವ, ಗಾಳಿಗೆ ಅಲೆಯಾಡುವ ನೀರಿನಲ್ಲಿ ಅವು ಹೆಚ್ಚಾಗವು. ಸೂರಿನಂಚಿನಲ್ಲಿ ಕಟ್ಟಿಕೊಂಡ ಮಳೆನೀರಿನ ದೋಣಿ, ಹೂಕುಂಡದ ತಟ್ಟೆಗಳೇ ಅವುಗಳ ತವರು. ಸಂಜೆ ದೀಪಕ್ಕೆ ಮುತ್ತುವ ಹುಳುಗಳು ಹೆಚ್ಚಾಗಿ ಕಚ್ಚದ ಕೆರೆನೊಣಗಳು. ದಂಡೆ ಕಡೆಯ ದೀಪ ಹಳದಿಯಾಗಿದ್ದರೆ, ಮಂದವಾಗಿದ್ದರೆ ಕಡಿಮೆಯಾಗುತ್ತವೆ.

ಪಾರ್ಕಿನ ಬಗ್ಗೆ ಹೇಳುವುದಾದರೆ, ಮನೆ ಯಾವ ಕಡೆಗೆ ಮುಖ ಮಾಡಿದೆ ಎಂಬುದು ಬಾಳುವೆಯನ್ನೇ ಬದಲಿಸುತ್ತದೆ. ನ್ಯೂಜೆರ್ಸಿಯ ರಾಡ್‌ಬರ್ನ್‌ನಲ್ಲಿ 1929ರಲ್ಲಿ ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಎಂಬ ಯೋಜಕರು ವಾಸದ ಕೋಣೆಗಳನ್ನು ಒಳಗಿನ ಪಾರ್ಕಿನ ಕಡೆಗೆ ತಿರುಗಿಸಿ, ಕಾರುಗಳನ್ನು ಮನೆಯ ಇನ್ನೊಂದು ಬದಿಗೆ ತಳ್ಳಿದರು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕಾಲುದಾರಿ ನಿಮ್ಮ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ, ಬೇಲಿಯ ಎತ್ತರಕ್ಕೆ ನಿಯಮ ಇರುತ್ತದೆ, ಅದಕ್ಕೆ ಮನಸ್ಸು ಒಗ್ಗಬೇಕು. ಅತಿಥಿಗಳ ಸಂಖ್ಯೆ, ನಾಯಿ, ಮುಚ್ಚುವ ಹೊತ್ತು, ಸಮಾರಂಭಕ್ಕೆ ಕಾಯ್ದಿರಿಸುವ ಕ್ರಮ, ಬಾಡಿಗೆದಾರರ ಹಕ್ಕು ಇವುಗಳ ನಿಯಮ ಬರಹದಲ್ಲಿದೆಯೇ ನೋಡಿ. ಬರಹದಲ್ಲಿಲ್ಲದ ನಿಯಮ ಜಗಳಕ್ಕೇ ಹೋಗುತ್ತದೆ.

ಆಟದ ಜಾಗದಲ್ಲಿ ಒಂದು ಅಳತೆಪಟ್ಟಿ ಹಿಡಿದು ನೆಲ ಅಗೆದು ನೋಡಿ. ಮರದ ಚೂರು 30 ಸೆಂ.ಮೀ. ಸುರಿದರೆ ತುಳಿದು ತುಳಿದು 23ಕ್ಕೆ ಇಳಿಯುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ ಆ 23 ಸೆಂ.ಮೀ. ಸುಮಾರು 3 ಮೀಟರ್ ಎತ್ತರದಿಂದ ಬೀಳುವ ಮಗುವಿಗೆ ಸಾಕು. ಅಷ್ಟೇ ದಪ್ಪದ ಮರಳು 1.2 ಮೀಟರಿಗೆ ಮಾತ್ರ. ಜಾರುಬಂಡೆಯ ಕೊನೆಯಲ್ಲಿ, ಉಯ್ಯಾಲೆಯ ಕೆಳಗೆ ಚೂರೆಲ್ಲ ಸರಿದು ಗಟ್ಟಿ ಮಣ್ಣು ಕಾಣುತ್ತಿದ್ದರೆ ಅಲ್ಲಿ ನಿರ್ವಹಣೆ ನಿಂತು ತಿಂಗಳುಗಳಾಗಿವೆ.

ಜಾಗ ನೋಡಲು ಎರಡು ಸಲ ಹೋಗಿ: ಜೋರು ಮಳೆ ಬಂದ ಮರುಬೆಳಗ್ಗೆ ಒಮ್ಮೆ, ಬೇಸಿಗೆಯ ಕೊನೆಯಲ್ಲಿ ಒಮ್ಮೆ. ಮೊದಲ ಸಲ ಏರಿಯ ಹಿಂಬದಿ, ತೂಬಿನ ಜಾಲರಿ, ಒಳಹರಿವಿನ ಬಾಯಿ ನೋಡಿ. ಎರಡನೆಯ ಸಲ ನೀರಿನ ಬಣ್ಣ, ವಾಸನೆ ನೋಡಿ. ಬೇಸಿಗೆಯವರೆಗೆ ಕಾಯಲಾಗದಿದ್ದರೆ, ಕಳೆದ ಬೇಸಿಗೆಯಲ್ಲಿ ಔಷಧಿ ಹೊಡೆದವರಿಗೆ ಸಂಘ ಪಾವತಿಸಿದ ಬಿಲ್ಲುಗಳನ್ನು ಕೇಳಿ ನೋಡಿ.